ಎಂಟನೇ ನಂಬರಿನ ಚಪ್ಪಲಿ

ಸವಳಂಗದ ಬಸ್ಸಿಗೆ ಓಡುವಾಗ ಚಪ್ಪಲಿಯ ಬಾರು ಕಿತ್ತುಹೋಯಿತು. ಕಾಲೆಳೆದುಕೊಂಡು ನ್ಯಾಮತಿ ಬಸ್ ಸ್ಟ್ಯಾಂಡ್ ಎದುರಿನ ಚಪ್ಪಲಿ ಅಂಗಡಿಗೆ ಹೋದೆ. ಕೌಂಟರಿನ ಸೇಲ್ಸ್‌ಮನ್ ಮೊಬೈಲಿನಲ್ಲಿ ಮುಳುಗಿದ್ದ.

"ಎಂಟನೇ ನಂಬರಿನ ಚಪ್ಪಲಿ ಇದೆಯೇನ್ರೀ?"

"ಇಲ್ಲ," ಅಂದ, ತಲೆ ಎತ್ತದೆ.

"ಸ್ವಲ್ಪ ನೋಡಿ ಹೇಳ್ರೀ."

"ಇದ್ರೆ ಇಲ್ಲ ಅಂತೀನೇನ್ರೀ?"

ಮೈಯೆಲ್ಲ ಉರಿದುಹೋಯಿತು. ಇವನ ನಗು ಯಾರಿಗೆ ಬೇಕು? ಟೀ ಕೊಟ್ಟು ಉಪಚರಿಸು ಅಂತ ಕೇಳಿದೆನೆ? ಬಂದವನ ಮುಖ ಬೇಡ, ಕಾಲನ್ನಾದರೂ ಒಮ್ಮೆ ನೋಡಬಾರದೆ!

ಪಕ್ಕದಲ್ಲಿ ಮಗಳಿಗೆ ಶೂ ಹುಡುಕುತ್ತಿದ್ದ ಹೆಂಗಸೊಬ್ಬರು ನನ್ನ ಪಾಡು ನೋಡಲಾರದೆ ತಾವೇ ರ‍್ಯಾಕಿನಿಂದ ಒಂದು ಡಬ್ಬಿ ಎಳೆದುಕೊಟ್ಟರು.

"ತಗೊಳ್ರೀ ಅಣ್ಣಾ, ಎಂಟನೇ ನಂಬರು ಇಲ್ಲೇ ಐತೆ. ಇವರನ್ನ ಕೇಳಾಕೆ ಹೋದ್ರೆ ಬರಿಗಾಲೇ ಗತಿ."

ಅದಕ್ಕೂ ಅವನು ತಲೆ ಎತ್ತಲಿಲ್ಲ.

ಹೊಸ ಚಪ್ಪಲಿ ಮೆಟ್ಟಿಕೊಂಡು, ಬಿಲ್ಲಿಗೆ ಕಾಯುತ್ತಾ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತೆ. ಸಿಟ್ಟು ಇಳಿದಿರಲಿಲ್ಲ. ಮೊಬೈಲ್ ತೆಗೆದು ಅವನ ಮೇಲೆ ಹೆಂಡತಿಗೆ ಉದ್ದನೆಯ ದೂರು ಬರೆಯತೊಡಗಿದೆ. ಅಷ್ಟರಲ್ಲಿ ಯಾರೋ ಒಳಬಂದು ನನ್ನನ್ನೇ ಅಂಗಡಿಯವನೆಂದುಕೊಂಡರು.

"ಅಣ್ಣಾ, ಒಂಬತ್ತನೇ ನಂಬರು ಐತಾ?"

"ಇಲ್ಲ," ಅಂದೆ, ತಲೆ ಎತ್ತದೆ.