ಕನ್ನಡಿ ಲೆನ್ಸಿನ ಬಳೆ

ಕಳೆದ ವಾರ ಮನೆ ಬದಲಿಸುವ ಗಡಿಬಿಡಿಯಲ್ಲಿ ದುಂಡನೆಯ ಚರ್ಮದ ಪೆಟ್ಟಿಗೆಯೊಂದನ್ನು ತೆರೆದೆ. ಯಂತ್ರದೆಣ್ಣೆ ಮತ್ತು ಲವಂಗ, ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ತಾಗಿತು. ಹುಳ ಹಿಡಿಯದಿರಲೆಂದು ಲವಂಗ. ಎಣ್ಣೆ ಮಾತ್ರ ಮಾಮನ ಕೈಯದು. ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಆ ಕ್ಯಾಮೆರಾ ಲೆನ್ಸನ್ನು ಎತ್ತಿಕೊಂಡು, ಕಟ್ಟಿಟ್ಟ ಸಾಮಾನುಗಳ ನಡುವೆ ನೆಲದ ಮೇಲೆಯೇ ಕುಳಿತುಬಿಟ್ಟೆ...

ಅವರು ವರ್ತಕ ನಗರದ ನಮ್ಮ ಹಳೆಯ ಕಟ್ಟಡದ ಎರಡನೇ ಮಹಡಿಯ ಮಾಮ. ನಾವು ಮೂರನೆಯದರಲ್ಲಿದ್ದೆವು. ಮಾಮ ಉಡುಪಿಯ ಕಡೆಯವರು, ರಬಾಳೆಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ನನ್ನ ತಂದೆಯೊಡನೆ ತುಳುವಿನಲ್ಲಿ ಹರಟುತ್ತಿದ್ದರು, ನನ್ನೊಡನೆ ಮಾತ್ರ ಕನ್ನಡ. "ನೀನು ಮಾತಾಡಿದರೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಉಂಟು ಮಾರಾಯ್ತಿ" ಎಂದು ನಗುತ್ತಿದ್ದರು.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಯಾರೇ ಬಂದರೂ ತಂದೆ "ನಮ್ಮ ಮಗಳು ಬಿ.ಎಸ್ಸಿ., ಫಿಸಿಕ್ಸ್" ಎಂದು ಪರಿಚಯಿಸುತ್ತಿದ್ದರು. ಕಟ್ಟಡದವರು ಔಷಧಿಯ ಚೀಟಿ, ಸೊಸೈಟಿಯ ನೋಟಿಸು, ಎಲ್ಲವನ್ನೂ ನನ್ನ ಬಳಿ ತರುತ್ತಿದ್ದರು. ನಾನು ಎಲ್ಲದಕ್ಕೂ ಉತ್ತರ ಹೇಳುತ್ತಿದ್ದೆ. ತಿಳಿಯದು ಎನ್ನಲು ನನಗೆ ಭಯವಿತ್ತು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾನೊಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಆ ಸುದ್ದಿ ತಿಳಿದ ಸಂಜೆಯೇ ಮಾಮ ಈ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರು. ಹಿಂದೊಮ್ಮೆ ಯಂತ್ರ ಕೂರಿಸಲು ರಷ್ಯಾದಿಂದ ಬಂದಿದ್ದ ಎಂಜಿನಿಯರೊಬ್ಬರು ಹೊರಡುವಾಗ ಅವರಿಗೆ ಕೊಟ್ಟುಹೋದ ಲೆನ್ಸು ಅದು. ದೂರದ ವಸ್ತುಗಳಿಗೆಂದೇ ಮಾಡಿದ್ದು. ಒಳಗಿನ ಎರಡು ಕನ್ನಡಿಗಳ ನಡುವೆ ಬೆಳಕು ಹಿಂದಕ್ಕೂ ಮುಂದಕ್ಕೂ ಹಾಯುವುದರಿಂದ, ಮೊಳದುದ್ದ ಇರಬೇಕಾದದ್ದು ಗೇಣುದ್ದಕ್ಕೆ ಮುಗಿದಿತ್ತು. ಮಾಮನ ಹಳೆಯ ರೀಲಿನ ಕ್ಯಾಮೆರಾ ಎಂದೋ ಕೆಟ್ಟುಹೋಗಿತ್ತು.

"ಕಂಪನಿ ಬಸ್ಸಿನ ಕಿಟಕಿಯಿಂದ ಐರೋಲಿ ಖಾಡಿಯ ಉಪ್ಪುನೀರಲ್ಲಿ ಫ್ಲೆಮಿಂಗೋ ಹಕ್ಕಿ ನೋಡಿದ್ದೇನೆ, ಎಷ್ಟು ವರ್ಷ! ದೂರದಲ್ಲಿ ಒಂದು ಗುಲಾಬಿ ಗೆರೆ, ಅಷ್ಟೇ. ಇಳಿದು ನೋಡಲಿಕ್ಕೆ ಪುರುಸೊತ್ತು ಎಲ್ಲಿ? ಈಗ ಪುರುಸೊತ್ತು ಉಂಟು, ಕಣ್ಣು ಹೊರಟಿದೆ."

ಅವರ ಕಣ್ಣಿನ ಒತ್ತಡದ ಕಾಯಿಲೆ ನಮಗೆಲ್ಲ ತಿಳಿದಿತ್ತು. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದರಂತೆ. ದೀಪಗಳ ಸುತ್ತ ಬಳೆಗಳು ಕಾಣುತ್ತವೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಅಂದು ಲೆನ್ಸನ್ನು ನನ್ನ ಕ್ಯಾಮೆರಾದ ಮುಂದೆ ಕೈಯಲ್ಲೇ ಹಿಡಿದು ಬೀದಿಯ ಕಡೆ ತಿರುಗಿಸಿದೆವು. ಪರದೆಯ ಮೇಲೆ ಅಂಗಡಿಗಳ ದೀಪಗಳು ಒಂದೂ ಸ್ಪಷ್ಟವಾಗದೆ, ನಡುವೆ ತೂತಿರುವ ಬೆಳಕಿನ ಬಳೆಗಳಾಗಿ ತೇಲಿದವು. ಕನ್ನಡಿ ಲೆನ್ಸಿನ ಸ್ವಭಾವವೇ ಅದು. ಮಾಮ ಪರದೆಗೆ ಮೂಗು ತಾಗಿಸಿ ನೋಡಿ ಗಹಗಹಿಸಿದರು.

"ಇದಕ್ಕೂ ನನ್ನದೇ ಕಾಯಿಲೆ! ಇಬ್ಬರನ್ನೂ ಒಂದೇ ಡಾಕ್ಟರಿಗೆ ತೋರಿಸುವ."

ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂರಿಸಲು ನಡುವೆ ಲೋಹದ ಬಳೆಯೊಂದು ಬೇಕಿತ್ತು. ಅಂಗಡಿಯಲ್ಲಿ ಸಿಗಬಹುದು ಎಂದೆ. ಮೂವತ್ತು ವರ್ಷ ಇಂಥದ್ದನ್ನೇ ಕಡೆದ ಕೈಗೆ ಅದು ಅವಮಾನವೆಂಬಂತೆ ನೋಡಿದರು. ಗುಜರಿಯಲ್ಲಿ ಸಿಕ್ಕ, ನನ್ನ ಕ್ಯಾಮೆರಾದ ಜಾತಿಯದೇ ಆದ ಕೆಟ್ಟ ಲೆನ್ಸೊಂದರ ಹಿಂಬದಿಯಿಂದ ಕ್ಯಾಮೆರಾಕ್ಕೆ ಸಿಕ್ಕಿಸುವ ಭಾಗವನ್ನು ಬಿಚ್ಚಿ ಇಟ್ಟುಕೊಂಡರು. ಅದಕ್ಕೆ ಸೇರಿಸಬೇಕಾದ ಅಲ್ಯೂಮಿನಿಯಂ ಬಳೆಯ ಅಳತೆಗಳನ್ನು ಲೆಕ್ಕ ಹಾಕಿ ನನ್ನಿಂದ ಕಾಗದದ ಮೇಲೆ ಬರೆಸಿದರು. ಬಳೆ ದಪ್ಪವಾದರೆ ಹತ್ತಿರದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ದೂರದ್ದು ಎಂದೂ ನಿಚ್ಚಳವಾಗುವುದಿಲ್ಲ ಎಂದು ಎರಡೆರಡು ಸಲ ಹೇಳಿದರು.

ಮೇ ತಿಂಗಳ ಒಂದು ಬೆಳಿಗ್ಗೆ ರಬಾಳೆಗೆ ಹೋದೆವು. ಅವರ ಕೈಕೆಳಗೆ ಕೆಲಸ ಕಲಿತವರೊಬ್ಬರು ಅಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದರು. ಅವರು ಬಳೆಯನ್ನು ಕಡೆದು, ವರ್ನಿಯರ್ ಮಾಪಕವನ್ನು ಮಾಮನ ಕೈಗಿತ್ತು, "ದಾದಾ, ಮಾಪ್ ತುಮ್ಹೀಚ್ ಬಘಾ" ಎಂದರು. ಅಳತೆಯನ್ನು ಗುರುಗಳೇ ನೋಡಬೇಕೆಂಬ ಗೌರವ. ಮಾಮ ಮಾಪಕವನ್ನು ಬಳೆಗೆ ಕಚ್ಚಿಸಿದರು. ಕಿಟಕಿಯ ಬೆಳಕಿಗೆ ಹಿಡಿದರು. ಕ್ಷಣ ತಡೆದು ನನಗೆ ದಾಟಿಸಿದರು.

"ಇವತ್ತು ಫಿಸಿಕ್ಸ್ ಓದಿದವಳೇ ಬಂದಿದ್ದಾಳಲ್ಲ. ಓದಿ ಹೇಳು."

ನನಗೆ ವರ್ನಿಯರ್ ಓದಲು ಬರುತ್ತಿರಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ನಾಲ್ವರಿಗೆ ಒಂದು ಮಾಪಕ. ಗೆಳತಿ ಓದುತ್ತಿದ್ದಳು, ಅಕ್ಷರ ದುಂಡಗಿದ್ದ ನಾನು ಬರೆದುಕೊಳ್ಳುತ್ತಿದ್ದೆ. ಅಂಕಗಳು ಚೆನ್ನಾಗಿಯೇ ಬಂದಿದ್ದವು. ಈಗ ಇಬ್ಬರು ಹಿರಿಯರು ನನ್ನ ಮುಖ ನೋಡುತ್ತಿದ್ದರು. ಗೆರೆಗಳನ್ನು ದಿಟ್ಟಿಸಿದೆ. ಕಾಗದದಲ್ಲಿ ನಾನೇ ಬರೆದಿದ್ದ ಸಂಖ್ಯೆಯನ್ನು, ಓದಿದವಳಂತೆ, ದಶಮಾಂಶ ಸಹಿತ ಹೇಳಿದೆ.

ಮಾಮ ಬಳೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಇನ್ನೊಮ್ಮೆ ಸವರಿದರು. "ಸರಿ ಹಾಗಾದರೆ" ಎಂದರು.

ಮನೆಯ ತಾರಸಿಯಿಂದ ಪರೀಕ್ಷಿಸಿದಾಗ ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲಿನ ಪಾರಿವಾಳದ ಕಣ್ಣು ಕೂಡ ಸ್ಪಷ್ಟವಾಗಿ ಬಂತು. ನಮ್ಮಂಥವರಿಗೆ ದೂರ ಎಂದರೆ ಎದುರಿನ ಕಟ್ಟಡವೇ ಅಲ್ಲವೇ... ಅದರಾಚೆ ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಐರೋಲಿಯ ದಂಡೆಯಲ್ಲಿ ನಿಂತೆವು. ಮಾಮಿ ಕೊಟ್ಟ ಚಪಾತಿ ಭಾಜಿಯ ಡಬ್ಬಿ ಚೀಲದಲ್ಲಿತ್ತು. ನೀರಿಳಿದ ಕೆಸರಿನ ಮೇಲೆ, ಬಹು ದೂರದಲ್ಲಿ, ಮಳೆಗೆ ಮುಂಚೆ ಹೊರಡಲಿದ್ದ ಕೊನೆಯ ಹಿಂಡು. ನಾನು ಲೆನ್ಸಿನ ಉಂಗುರವನ್ನು ಕೊನೆಯವರೆಗೆ ತಿರುಗಿಸಿದೆ. ಗುಲಾಬಿ ಮಬ್ಬು. ಹಿಂದೆ ತಿರುಗಿಸಿದೆ, ಮತ್ತೆ ಮುಂದೆ. ಮಬ್ಬು ಗೆರೆಯಾಗಲಿಲ್ಲ, ಗೆರೆ ಹಕ್ಕಿಯಾಗಲಿಲ್ಲ. ಮಾಮ ಪರದೆಗೆ ಮುಖವಿಟ್ಟು ಬಹಳ ಹೊತ್ತು ನೋಡಿದರು.

"ನನ್ನ ಕಣ್ಣಾ, ಲೆನ್ಸಾ?" ಎಂದು ಕೇಳಿದರು.

"ಲೆನ್ಸು" ಎಂದೆ. "ನಾನು" ಎಂದು ಹೇಳಬೇಕಿತ್ತು.

ವಾರದೊಳಗೆ ಹಿಂಡು ಹಾರಿಹೋಯಿತು, ಮಳೆ ಹಿಡಿಯಿತು. ಜೂನ್ ಪೂರ್ತಿ ಕೆಳಗಿನ ಮನೆಯಿಂದ ಗರಗರ ಸದ್ದು ಕೇಳುತ್ತಿತ್ತು. ಮಾಮ ಗಾಜಿನ ತುಂಡಿನ ಮೇಲೆ ಪಾಲಿಶ್ ಕಾಗದ ಹಾಸಿ, ಬಳೆಯ ಮುಖವನ್ನು ಕೈಯಿಂದಲೇ ಉಜ್ಜಿ ಸವೆಸುತ್ತಿದ್ದರು. ಆ ಸದ್ದನ್ನು ಎಷ್ಟು ದಿನ ಸಹಿಸಲು ಸಾಧ್ಯ? ಒಂದು ಸಂಜೆ ಕೆಳಗಿಳಿದು, ಬಾಗಿಲಲ್ಲೇ ನಿಂತು, ನನಗೆ ವರ್ನಿಯರ್ ಓದಲು ಬರುವುದಿಲ್ಲ, ಅಂದು ಸುಳ್ಳು ಹೇಳಿದೆ ಎಂದೆ.

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಹೆಬ್ಬೆರಳು ಅಂದೇ ಹೇಳಿತ್ತು, ಒಂದು ಮಿಲಿಮೀಟರ್ ಹೆಚ್ಚು ಉಂಟು ಅಂತ. ಡಿಗ್ರಿಯ ಎದುರು ಹೆಬ್ಬೆರಳಿನ ಮಾತು ಯಾರು ಕೇಳ್ತಾರೆ? ನನಗೆ ಆ ಗೆರೆಗಳೇ ಕಾಣಲಿಲ್ಲ ಮಾರಾಯ್ತಿ. ಶಿಷ್ಯನ ಎದುರು ಹೇಳಲಿಕ್ಕೆ ನಾಚಿಕೆ ಆಯ್ತು. ನಿನ್ನದು ಅರ್ಧ, ನನ್ನದು ಅರ್ಧ. ಒಳಗೆ ಬಾ."

ಒಳಗಿನಿಂದ ಮಾಮಿ, "ಇಬ್ಬರೂ ಸೇರಿ ನನ್ನ ಚಪಾತಿ ದಂಡ ಮಾಡಿದಿರಿ" ಎಂದು ಗದರಿ, ಚಹಾ ತಂದಿಟ್ಟರು. ಅಂದು ಮಾಮ ತಮ್ಮ ಮಾಪಕವನ್ನು ನನ್ನ ಕೈಗೆ ಕೊಟ್ಟು, ತಮಗೆ ಕಾಣದ ಗೆರೆಗಳನ್ನು ಓದುವ ಬಗೆಯನ್ನು ನನಗೆ ಕಲಿಸಿದರು. ಮೊದಲು ಮೇಲಿನ ಗೆರೆ. ಬಳಿಕ, ಕೆಳಗಿನ ಯಾವ ಗೆರೆ ಮೇಲಿನ ಯಾವುದರೊಡನೆ ನೇರವಾಗಿ ಕೂಡುತ್ತದೆ ಎಂದು ನೋಡುವುದು. "ಅವಸರ ಬೇಡ. ಕಾಣದಿದ್ದರೆ ಕಾಣುವುದಿಲ್ಲ ಅನ್ನು."

ಮಳೆ ನಿಂತ ಮೇಲೆ, ಮಾಮ ಸವೆಸಿ ಕೊಟ್ಟ ಬಳೆಯೊಂದಿಗೆ, ತಾರಸಿಯಿಂದ ದೂರದ ಯೇವೂರು ಬೆಟ್ಟದ ಮರಗಳು ಒಂದೊಂದಾಗಿ ನಿಚ್ಚಳವಾಗಿ ಬಂದವು. ಚಳಿಗಾಲದಲ್ಲಿ ಹಿಂಡೂ ಬಂತು. ಆದರೆ ಅಷ್ಟರಲ್ಲಿ ಮಾಮನಿಗೆ ಬೆಳಕು ಮತ್ತು ನೆರಳಿನ ಹೊರತು ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಬಂದರು, ನನ್ನ ತೋಳು ಹಿಡಿದು. ಪರದೆಯ ಮೇಲೆ ಪ್ರತಿ ಗರಿಯೂ ಸ್ಪಷ್ಟವಾಗಿತ್ತು. ನಾನು ಕಂಡದ್ದನ್ನೆಲ್ಲ ಹೇಳುತ್ತಾ ಹೋದೆ; ಕೊಕ್ಕಿನ ಬಾಗು, ಕೆಸರಲ್ಲಿ ತಲೆಕೆಳಗಾದ ಕುತ್ತಿಗೆಗಳು.

"ರೆಕ್ಕೆಯ ಒಳಗಡೆ ಕಪ್ಪು ಉಂಟಂತೆ, ಹೌದಾ?"

ಹಿಂಡು ರೆಕ್ಕೆ ಮಡಚಿ ನಿಂತಿತ್ತು. "ಕಾಣುತ್ತಿಲ್ಲ ಮಾಮ" ಎಂದೆ. ಅವರು ತಲೆದೂಗಿ, ನಗುತ್ತಾ ಕಾದರು. ನಾವು ಬಿಸಿಲೇರುವವರೆಗೂ ಕಾದೆವು. ರೆಕ್ಕೆಗಳು ತೆರೆದಾಗ ನಾನು ಚಿತ್ರ ತೆಗೆಯುವುದನ್ನು ಮರೆತು, "ಉಂಟು, ಉಂಟು!" ಎಂದು ಅವರ ಭಾಷೆಯಲ್ಲೇ ಕೂಗಿದೆ.

ಈಗ ಅವರಿಲ್ಲ. ಊರಿಗೆ ಹೊರಟ ಮಾಮಿ ಪೆಟ್ಟಿಗೆಯನ್ನು ನನಗೆ ಕೊಟ್ಟುಹೋದರು. ಮಾಪಕ ಅದಕ್ಕೂ ಮೊದಲೇ ನನ್ನ ಬಳಿ ಇತ್ತು. ಘೋಡಬಂದರ್ ರಸ್ತೆಯ ಈ ಹೊಸ ಮನೆಯ ನೆಲದ ಮೇಲೆ ಕುಳಿತು, ಬಳೆಯನ್ನು ಬಿಚ್ಚಿ ಮಾಪಕಕ್ಕೆ ಕಚ್ಚಿಸಿದೆ. ಕಿಟಕಿಯ ಬೆಳಕಿಗೆ ಹಿಡಿದೆ. ನಾಲ್ಕು ಕಡೆ ಅಳೆದೆ. ಕಾಣದ ಕಣ್ಣಿನವರು ಕೈಯಿಂದ ಉಜ್ಜಿದ ಆ ಬಳೆ, ನಾಲ್ಕು ಕಡೆಯೂ, ಅಂದು ನಾನು ಸುಳ್ಳಾಗಿ ಹೇಳಿದ್ದ ಸಂಖ್ಯೆಯನ್ನೇ ತೋರಿಸಿತು.

ಇನ್ನೊಮ್ಮೆ ಓದಿದೆ, ಜೋರಾಗಿ. ಸರಿಯೇ ಎಂದು ಕೇಳಲು ಕೆಳಗಿನ ಮಹಡಿಯಲ್ಲಿ ಮಾಮ ಇರಲಿಲ್ಲ...