ದೊಡ್ಡವ್ವನ ಕೋಳಿ, ನಮ್ಮ ಮನೆಯ ರೊಟ್ಟಿ

ಮೊನ್ನೆ ಪಕ್ಕದ ಖಾಲಿ ಜಾಗಕ್ಕೆ ಬೇಲಿ ಹಾಕುವವರು ಹಸಿ ಜಾಲಿ ಮುಳ್ಳಿನ ಹೊರೆ ತಂದು ನಮ್ಮ ಕಿಟಕಿಯ ಕೆಳಗೇ ಕೆಡವಿದರು. ಆಗ ತಾನೇ ಕಡಿದ ಜಾಲಿಗೆ ಒಂದು ಒಗರು ವಾಸನೆ ಇರುತ್ತದೆ. ಅದು ಒಳಗೆ ಬಂದದ್ದೇ ತಡ, ಕೈಯಲ್ಲಿದ್ದ ಚಹಾ ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಮೈ ಬಿಸಿಯಾಗಿದೆಯೋ ಏನೋ ಎಂದು ಸೊಸೆ ಹಣೆ ಮುಟ್ಟಿ ನೋಡಿದಳು. ನನಗೇನೂ ಆಗಿರಲಿಲ್ಲ. ಹಿತ್ತಲ ಕಡೆಯ ದೊಡ್ಡವ್ವ ನೆನಪಾಗಿದ್ದಳು, ಅಷ್ಟೇ...

ನಾನು ಮದುವೆಯಾಗಿ ಸವಣೂರಿಗೆ ಬಂದಾಗ ಅಲ್ಲಿನ್ನೂ ನವಾಬರ ಆಳ್ವಿಕೆ. ನನಗೆ ಹದಿನಾರೋ ಹದಿನೇಳೋ. ನಮ್ಮ ಹಿತ್ತಲಿಗೂ ದೊಡ್ಡವ್ವನ ಹಿತ್ತಲಿಗೂ ನಡುವೆ ಇದ್ದದ್ದು ಜಾಲಿ ಮುಳ್ಳಿನ ಬೇಲಿ. ಅದನ್ನು ಕಟ್ಟುವವಳೂ ಅವಳೇ, ಮಳೆಗೆ ಕುಸಿದರೆ ಮತ್ತೆ ಮುಳ್ಳು ತಂದು ತುರುಕುವವಳೂ ಅವಳೇ. ಗಂಡ ಇರಲಿಲ್ಲ. ಎಲೆಬಳ್ಳಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಆರೇಳು ಕೋಳಿ ಸಾಕಿದ್ದಳು. ಆ ವರ್ಷ ಹೆರಿಗೆಗೆ ಬಂದ ಒಬ್ಬಳೇ ಮಗಳು ಕೂಸು ಹುಟ್ಟಿದ ಮೇಲೆ ಚೇತರಿಸಿಕೊಳ್ಳದೆ ಹಿತ್ತಲ ಪಡಸಾಲೆಯಲ್ಲಿ ಮಲಗಿಯೇ ಇದ್ದಳು. ದಿನಕ್ಕೊಂದು ಮೊಟ್ಟೆ ಹಾಲಿನಲ್ಲಿ ಕದಡಿ ಕುಡಿಸು, ಬೇರೆ ಔಷಧ ಬೇಡ ಎಂದು ಹಕೀಮರು ಹೇಳಿದ್ದರಂತೆ. ಆ ಕೋಳಿಗಳ ಮೇಲೆ ದೊಡ್ಡವ್ವನ ಜೀವವೇ ನಿಂತಿತ್ತು.

ನಮ್ಮದು ಲಿಂಗವಂತರ ಮನೆ. ಕೋಳಿಯ ಒಂದು ಪುಕ್ಕ ಹಾರಿಬಂದು ಬಿದ್ದರೂ ಅತ್ತೆ ಅಂಗಳ ಸಾರಿಸುತ್ತಿದ್ದರು. ಆದರೆ ನಾಯಿಯ ಮಾತೇ ಬೇರೆ. ಮನೆದೇವರು ಮೈಲಾರಲಿಂಗ, ನಾಯಿ ಅವನ ಸಂಗಾತಿ. ಮೈಲಾರನ ಒಕ್ಕಲಿನವರು ನಾಯಿಗೆ ಕೋಲೆತ್ತುವಂತಿಲ್ಲ. ಬೆಳಿಗ್ಗೆ ಹಂಚಿನಿಂದ ಇಳಿದ ಮೊದಲ ರೊಟ್ಟಿ ಓಣಿಯ ನಾಯಿಗೇ ಹೋಗಬೇಕು. ಆಮೇಲೆ ಗಂಡಸರಿಗೆ, ಕೊನೆಗೆ ನಮಗೆ. ಆ ಮನೆಯಲ್ಲಿ ನನಗಿಂತ ನಾಯಿಗಳೇ ಸುಖವಾಗಿದ್ದವು!

ಆಷಾಢದಲ್ಲಿ ಒಂದು ದಿನ ಆ ನಾಯಿಗಳು ದೊಡ್ಡವ್ವನ ಒಂದು ಕೋಳಿ ಹಿಡಿದವು. ಅವಳು ಬೇಲಿಯ ಆಚೆ ನಿಂತು ಮೆಲ್ಲಗೆ ನನ್ನನ್ನು ಕರೆದಳು.

"ನಿಮ್ಮ ನಾಯಿ ಅಂತ ನಾ ಅನ್ನೂದಿಲ್ಲ ತಂಗಿ, ಓಣಿ ನಾಯಿ. ಆದರ ಉಣ್ಣೂದು ನಿಮ್ಮ ಬಾಗಿಲಾಗ, ಹಿಡಿಯೂದು ನನ್ನ ಕೋಳಿ. ನಾ ಏನ್ ಮಾಡ್ಲಿ ಹೇಳು?"

ಒಳಗಿನಿಂದ ಅತ್ತೆಗೆ ಕೇಳಿಸಿತು. "ಕೋಳಿ ಕೊಂದು ತಿನ್ನೂ ಮಂದಿಗೆ, ಅದನ್ನ ನಾಯಿ ಕೊಂದರ ಯಾಕ ಇಷ್ಟ ಸಂಕಟ?" ಎಂದರು, ಅವಳಿಗೂ ಕೇಳಿಸುವಂತೆ. ನನಗೆ ನಾಚಿಕೆಯಾಯಿತು.

ಅಂದೇ ನಾನೊಂದು ಉಪಾಯ ಹೂಡಿದೆ. ಹೊಟ್ಟೆ ತುಂಬಿದ ನಾಯಿ ಕೋಳಿಯ ಕಡೆ ಯಾಕೆ ನೋಡೀತು? ಅತ್ತೆ ಮುಂಬಾಗಿಲಲ್ಲಿ ಹಾಕುವುದು ಹಾಕಲಿ, ನಾನು ಹಿತ್ತಲ ಬಾಗಿಲಲ್ಲಿ ಬೇಲಿಯ ಹತ್ತಿರವೇ ದಿನಾ ಇನ್ನೆರಡು ರೊಟ್ಟಿ ಮುರಿದು ಹಾಕತೊಡಗಿದೆ. ಅಡುಗೆಮನೆಯಿಂದ ಅವುಗಳ ಮೇಲೆ ಕಣ್ಣೂ ಇಟ್ಟಿದ್ದೆ. ನಾಯಿಗಳು ತಿಂದು ಅಲ್ಲೇ ಬಿದ್ದುಕೊಳ್ಳುತ್ತಿದ್ದವು. ಮೂರು ವಾರ ಒಂದು ಕೋಳಿಯೂ ಹೋಗಲಿಲ್ಲ.

"ನಿನ್ನ ಕೈಯಾಗ ಗುಣ ಐತಿ ತಂಗಿ. ಮಗಳ ಮಾರಿಮ್ಯಾಲೆ ಕಳಿ ಬರಾಕತ್ತೇತಿ," ಎಂದಳು ದೊಡ್ಡವ್ವ. ಹಿಗ್ಗಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ನಾಯಿ ಇದ್ದದ್ದು ರೊಟ್ಟಿಯ ರುಚಿಗೆ ಐದಾರಾದದ್ದು ಕಂಡಿತ್ತು. ಕಂಡರೂ ಅದರ ಅರ್ಥ ತಲೆಗೆ ಹೋಗಲಿಲ್ಲ.

ಶ್ರಾವಣದ ಮೊದಲ ಸೋಮವಾರ ಬಂತು. ಮನೆಮಂದಿಗೆಲ್ಲ ಉಪವಾಸ, ಸಂಜೆಯ ಪೂಜೆಯವರೆಗೆ ಒಲೆ ಹೊತ್ತಿಸುವಂತಿಲ್ಲ. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ನಾಯಿಗಳೆಲ್ಲ ಸಾಲಾಗಿ ಕುಳಿತಿದ್ದವು. ದೊಡ್ಡವ್ವ ಆಗಲೇ ತೋಟಕ್ಕೆ ಹೋಗಿದ್ದಳು. ನನಗೆ ನಗು ಬಂತು. "ಇವತ್ತ ರೊಟ್ಟಿ ಇಲ್ಲ. ನೀವೂ ನಮ್ಮ ಜೋಡಿ ಸೋಮವಾರ ಮಾಡ್ರಿ!" ಎಂದು ದೊಡ್ಡ ದನಿಯಲ್ಲಿ ಹೇಳಿ ಬಾಗಿಲು ಹಾಕಿಕೊಂಡೆ.

ಮಧ್ಯಾಹ್ನ ಮಡಿಯಲ್ಲಿ ಪತ್ರಿ ಆರಿಸುತ್ತ ಕುಳಿತಿದ್ದೆ. ಕೋಳಿಗಳ ಕೂಗು ಕೇಳಿಸಿತು. ಓಡಿಹೋಗಿ ನೋಡಿದರೆ ಮಳೆಗೆ ಕುಸಿದ ಬೇಲಿಯಲ್ಲಿ ಕಂಡಿ ಬಿದ್ದಿತ್ತು, ನಾಯಿಗಳು ಆಚೆ ಇದ್ದವು. ಕಾವಿಗೆ ಕೂತಿದ್ದ ಹೇಂಟೆಯ ಬುಟ್ಟಿ ಮಗುಚಿತ್ತು. ಮಗಳು ಗೋಡೆ ಹಿಡಿದು ಎದ್ದು ನಿಂತು, ಕೈಯಲ್ಲಿದ್ದ ತಂಬಿಗೆ ಒಗೆದಳು. ಅದು ಎರಡು ಮಾರು ದೂರವೂ ಹೋಗಲಿಲ್ಲ. ನಾನು ಗೋಡೆಗೆ ಒರಗಿಸಿದ್ದ ಕೋಲು ಎತ್ತಿದೆ. ಮೈಲಾರಲಿಂಗ ನೆನಪಾದ. ಎತ್ತಿದ ಕೋಲು ಹಾಗೇ ಕೆಳಗಿಳಿಯಿತು... ಹುಶ್ ಹುಶ್ ಎಂದು ಕೈ ಬೀಸುತ್ತ ನಿಂತೆ. ಒಂದು ಕೋಳಿಯೂ ಉಳಿಯಲಿಲ್ಲ.

ಸಂಜೆ ದೊಡ್ಡವ್ವ ಬಂದು ಪುಕ್ಕ ಗುಡಿಸಿದಳು. ಬೈಯಲಿಲ್ಲ, ಅಳಲೂ ಇಲ್ಲ. ಮಾರನೆಯ ದಿನದಿಂದ ಮೊಟ್ಟೆಗಾಗಿ ಊರ ಆಚೆ ತುದಿಯವರೆಗೆ ತಿರುಗಿದಳು. ಒಂದು ದಿನ ಸಿಕ್ಕರೆ ನಾಲ್ಕು ದಿನ ಇಲ್ಲ. ನಾನು ಅತ್ತೆಯ ಕಣ್ಣು ತಪ್ಪಿಸಿ ಹಾಲು ದಾಟಿಸಿದೆ. ದೀಪಾವಳಿಗೆ ಮೊದಲೇ ಮಗಳು ತೀರಿಕೊಂಡಳು. ಮೊಟ್ಟೆ ಇದ್ದಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಯಾರು ಬಲ್ಲರು. ಉಳಿಯುತ್ತಿದ್ದಳು ಎಂದೇ ನನ್ನ ಮನಸ್ಸು ಹೇಳುತ್ತದೆ. ಕೂಸನ್ನು ಅದರ ಅಪ್ಪನ ಮನೆಯವರು ಒಯ್ದರು.

ದೊಡ್ಡವ್ವ ದುಂಡಸಿಯ ತಮ್ಮನ ಮನೆಗೆ ಹೊರಟಳು. ಗಂಟು ಕಂಕುಳಲ್ಲಿಟ್ಟುಕೊಂಡು ಬೇಲಿಯ ಹತ್ತಿರ ಬಂದಳು. ಇವತ್ತಾದರೂ ತಪ್ಪಾಯಿತು ಅನ್ನಬೇಕು ಎಂದುಕೊಂಡು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ನಾಯಿಗೆ ಹಾಕೂದು ಬಿಡಬ್ಯಾಡ ತಂಗಿ, ಪುಣ್ಯಾದ ಕೆಲಸ. ಆದರ ಅವುಕ್ಕ ಸೋಮವಾರ ಮಾಡಸಬ್ಯಾಡ."

ಆ ದಿನ ಅವಳು ತೋಟದಲ್ಲಿದ್ದಳು. ನನ್ನ ಕುಚೋದ್ಯ ಕೇಳಿಸಿಕೊಂಡಿದ್ದವಳು ಪಡಸಾಲೆಯಲ್ಲಿ ಮಲಗಿದ್ದ ಮಗಳು. ಅವ್ವನಿಗೆ ಹೇಳಿದ್ದಳು. ಅಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ದೊಡ್ಡವ್ವ ನನ್ನ ಕೈಯಿಂದ ಹಾಲು ಇಸಿದುಕೊಂಡಿದ್ದಳು...

ದುಂಡಸಿ ದೂರದ ಊರೇನಲ್ಲ. ಹೋಗಿ ತಪ್ಪಾಯಿತು ಅನ್ನಬಹುದಿತ್ತು. ಮೊದಲು ಅತ್ತೆಯ ಭಯ, ಆಮೇಲೆ ಮಕ್ಕಳು, ಆಮೇಲೆ ಇನ್ನೇನೋ ನೆಪ. ಕೊನೆಗೆ ಅವಳು ತೀರಿಕೊಂಡ ಸುದ್ದಿಯೂ ತಿಂಗಳು ತಡವಾಗಿ ಬಂತು. ಆಗ ಅವಳಿಗಿದ್ದ ವಯಸ್ಸನ್ನು ನಾನು ಎಂದೋ ದಾಟಿದ್ದೇನೆ. ಅವಳೊಮ್ಮೆ ಬೇಲಿಯ ಆಚೆಯಿಂದ ನನ್ನನ್ನು ಬಾಯಿತುಂಬ ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.