ವಿದೊಸಾವಾಳ ಬಾಲ್ಕನಿಯ ಬಲೆ

ನನಗೆ ಬೆಕ್ಕೆಂದರೆ ಹೇಸಿಗೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಯಾರೂ ಕರುಣಾಳು ಎಂದುಕೊಳ್ಳಬಾರದು. ಅಂಡು ನೆಕ್ಕಿಕೊಂಡ ನಾಲಿಗೆಯಲ್ಲೇ ಮನೆಯವರ ಕೆನ್ನೆ ನೆಕ್ಕುವ ಪ್ರಾಣಿ ಅದು. ಅಂಥದ್ದೊಂದು ನಮ್ಮ ನಾಲ್ಕನೇ ಮಹಡಿಯ ಎದುರು ಮನೆಯಲ್ಲೇ ಒಂಬತ್ತು ವರ್ಷದಿಂದ ಇದೆ. ಹೆಸರು ಶಾರಾ. ಸಾಕಿದವಳು ವಿದೊಸಾವಾ.

ವಿದೊಸಾವಾ ನಮ್ಮ ಅಪಾಟಿನ್ ಊರಿನ ಬೆಸ್ತರ ಮಗಳು. ಅಪ್ಪ ಡ್ಯಾನ್ಯೂಬ್ ನದಿಯಲ್ಲಿ ಮೀನು ಹಿಡಿದರೆ ಇವಳು ದಡದಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದಳು. ಮುಂದೆ ಬಲೆ ಕಾರ್ಖಾನೆ ಸೇರಿ ಮೂವತ್ತೊಂದು ವರ್ಷ ಅದನ್ನೇ ಮಾಡಿದಳು. ಬೆರಳಿನ ಗಿಣ್ಣುಗಳು ಊದಿಕೊಂಡು, ಗಂಡ ಸತ್ತ ಮೇಲೂ ಮದುವೆಯುಂಗುರ ಕೈಯಲ್ಲೇ ಉಳಿಯಿತು. "ಪ್ರೀತಿಗಲ್ಲಪ್ಪ, ಸೋಪು ಹಚ್ಚಿ ಎಳೆದ್ರೂ ಬರ್ಲಿಲ್ಲ" ಎನ್ನುತ್ತಿದ್ದಳು.

ಶಾರಾಗಿಂತ ಮುಂಚೆ ಮೂರು ಬೆಕ್ಕು ಸಾಕಿದ್ದಳು. ಒಂದು ಲಾರಿಯ ಕೆಳಗೆ ಹೋಯಿತು. ಇನ್ನೊಂದಕ್ಕೆ ಯಾರೋ ಮಾಂಸದಲ್ಲಿ ವಿಷವಿಟ್ಟರು. ಆ ಯಾರೋ ಯಾರೆಂದು ಕಟ್ಟಡಕ್ಕೆಲ್ಲ ಗೊತ್ತಿದೆ, ಇವತ್ತಿಗೂ ಮೆಟ್ಟಿಲಲ್ಲಿ ಸಿಕ್ಕರೆ ಹಲ್ಲು ಕಿರಿದು ನಮಸ್ಕಾರ ಹೇಳುತ್ತಾನೆ, ನಾವೂ ಹೇಳುತ್ತೇವೆ. ಥೂ! ಮೂರನೆಯದು ಪಾರಿವಾಳ ಹಿಡಿಯಲು ಹಾರಿ ಬಾಲ್ಕನಿಯಿಂದ ಕೆಳಗೆ ಬಿತ್ತು. ಅದನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ಬಂದ ದಿನ, ಇನ್ನು ಮುಂದೆ ತನ್ನ ಬೆಕ್ಕು ಹೊಸ್ತಿಲು ದಾಟುವುದಿಲ್ಲ ಎಂದಳು.

ಶಾರಾ ದಾಟಲಿಲ್ಲ. ಆದರೆ ಎರಡು ವರ್ಷ ಕಿಟಕಿಯ ಗಾಜಿಗೆ ಮೂಗು ಒತ್ತಿ ದಿನವಿಡೀ ಅರಚಿತು. ತನ್ನ ಹೊಟ್ಟೆಯ ಕೂದಲನ್ನು ತಾನೇ ಕಿತ್ತು ಬೋಳು ಮಾಡಿಕೊಂಡಿತು. ಆ ಕೆಂಪು ತೊಗಲು ನೋಡಿ ನನಗೆ ಊಟ ಸೇರಲಿಲ್ಲ. ಕೊನೆಗೆ ವಿದೊಸಾವಾ ಅಪ್ಪನ ಕಾಲದ ಬಲೆಸೂಜಿ, ಹಗ್ಗ ಹುಡುಕಿ ತೆಗೆದು, ಒಂದು ಚಳಿಗಾಲ ಪೂರ್ತಿ ಕೂತು ಬಾಲ್ಕನಿಗೆ ಬಲೆ ಹೆಣೆದಳು. ಬಲೆಯ ಕಣ್ಣಿನಲ್ಲಿ ಎರಡು ಬೆರಳು ತೂರದಷ್ಟು ಬಿಗಿ. ಸೂರಿನಿಂದ ನೆಲದವರೆಗೆ ಕೊಕ್ಕೆ ಹೊಡೆದು ಕಟ್ಟಿದಳು. ಒಳಗೊಂದು ಹಿಪ್ಪುನೇರಳೆ ಕೊಂಬೆ, ಡಬ್ಬಿಯಲ್ಲಿ ಹುಲ್ಲು. ಬೆಕ್ಕು ಬಿಸಿಲಲ್ಲಿ ಬಿದ್ದುಕೊಂಡು ಗುಬ್ಬಿಗಳನ್ನು ನೋಡತೊಡಗಿತು. ಹೊಟ್ಟೆಯಲ್ಲಿ ಕೂದಲು ಮತ್ತೆ ಬಂತು.

ಹಳೇ ಹಗ್ಗಕ್ಕೆ ಮೀನಿನ ವಾಸನೆ. ಕಟ್ಟಡದ ಸಭೆಯಲ್ಲಿ ಎದ್ದು ನಿಂತು ದೂರಿದವನು ನಾನೇ.

"ಇದೇನು ಮನೆಯೋ ಮೀನು ಮಾರ್ಕೆಟ್ಟೋ?"

"ಕುಜ್ಮಾನ್, ನಿನ್ನ ಸಾಕ್ಸು ಒಣಗೋ ದಿನ ನನ್ನ ಬೆಕ್ಕೂ ಒಳಗೆ ಓಡಿಬರುತ್ತೆ. ನಾನು ಯಾರ ಹತ್ರಾನಾದ್ರೂ ದೂರಿದ್ನಾ?" ಎಂದಳು. ಸಭೆ ಗೊಳ್ಳೆಂದಿತು, ಬಲೆ ಉಳಿಯಿತು.

ಆಮೇಲೆ ಅದರ ಎದೆಗೆ ಪಟ್ಟಿ ಕಟ್ಟಿ, ಹಗ್ಗ ಹಿಡಿದು ನದಿಯ ಏರಿಯ ಮೇಲೆ ಅಡ್ಡಾಡಿಸುವುದೂ ಶುರುವಾಯಿತು. ಹೆಂಡದಂಗಡಿಯ ಮುಂದೆ ಕೂತವರಲ್ಲೊಬ್ಬ ಕೂಗಿದ: "ಏನಮ್ಮ, ಮೀನು ಹಿಡಿಸೋಕೆ ಕರ್ಕೊಂಡು ಹೊರಟ್ಯಾ?"

"ನಿನ್ನ ಹೆಂಡ್ತಿ ನಿಂಗೂ ಇಂಥದ್ದೊಂದು ಕಟ್ಟಿದ್ರೆ ಮೊನ್ನೆ ಚರಂಡೀಲಿ ಮಲಗ್ತಿರ್ಲಿಲ್ಲ ನೀನು."

ಮೊನ್ನೆ ಮೇ ತಿಂಗಳಲ್ಲಿ ಅವಳ ಕಣ್ಣಿನ ಪೊರೆ ತೆಗೆಸಲು ಸೋಂಬೊರ್ ಆಸ್ಪತ್ರೆಗೆ ಕರೆದರು. ಬೆಳಗ್ಗೆ ಹೋಗಿ ಸಂಜೆ ಬರುವ ಕೆಲಸ. ಬೀಗದ ಕೈ ನನ್ನ ಕೈಗಿಟ್ಟಳು. "ಅಕ್ಕಪಕ್ಕದಲ್ಲಿ ಬೇರೆ ಯಾರೂ ಮನೇಲಿಲ್ಲ, ಇಲ್ದಿದ್ರೆ ನಿನಗ್ಯಾಕೆ ಕೊಡ್ತಿದ್ದೆ? ಊಟ ಹಾಕು, ಬಾಲ್ಕನಿ ಬಾಗ್ಲು ಪೂರ್ತಿ ತೆಗೆದಿರ್ಲಿ. ಕಿಟಕಿ ಮಾತ್ರ ಓರೆ ಮಾಡ್ಬೇಡ. ಕೇಳಿಸ್ತಾ?"

"ಹೂಂ ಮಾರಾಯ್ತಿ, ಕೇಳಿಸ್ತು."

ಒಳಗೆ ಹೋದೆ. ಒಲೆಯ ಮೇಲೆ ಮೀನಿನ ತಲೆ ಬೇಯಿಸಿಟ್ಟಿದ್ದಳು, ಅದರ ಬಿಳಿಗಣ್ಣು ನನ್ನನ್ನೇ ನೋಡುತ್ತಿತ್ತು. ಮೂಗು ಮುಚ್ಚಿಕೊಂಡು ತಟ್ಟೆಗೆ ಹಾಕಿದೆ. ಅಷ್ಟರಲ್ಲಿ ಮೆಟ್ಟಿಲ ಕಿಟಕಿಯಿಂದ, ನಾನು ತೆರೆದೇ ಬಿಟ್ಟಿದ್ದ ಮುಂಬಾಗಿಲ ಮೂಲಕ, ಬಾಲ್ಕನಿಗೆ ನೇರ ಗಾಳಿ ಹೊಡೆದು ಬೆವರಿದ ಕತ್ತಿಗೆ ತಾಗಿತು. ಎದುರುಬದುರು ತೆರೆದ ಕಡೆಯಿಂದ ನುಗ್ಗುವ ಈ ಗಾಳಿಗೆ ನಾವು ಪ್ರೊಮಾಯಾ ಅನ್ನುತ್ತೇವೆ. ನನ್ನಜ್ಜಿ ಹಲ್ಲುನೋವಿನಿಂದ ಹಿಡಿದು ಸೊಟ್ಟಬಾಯಿಯ ತನಕ ಎಲ್ಲವನ್ನೂ ಅದರ ಮೇಲೆಯೇ ಹೊರಿಸುತ್ತಿದ್ದಳು, ನನ್ನ ಡಾಕ್ಟರ್ ಮಗಳೂ ಹೊರಿಸುತ್ತಾಳೆ. ಕೈ ತಾನಾಗಿ ಹೋಗಿ ಬಾಲ್ಕನಿ ಬಾಗಿಲು ಮುಚ್ಚಿತು. ಆದರೆ ಮೀನಿನ ನಾತ ಹೋಗಬೇಕಲ್ಲ? ಅಡುಗೆಮನೆಯ ಕಿಟಕಿಯ ಬುಡ ಚೌಕಟ್ಟಿಗೆ ಕಚ್ಚಿಕೊಂಡೇ ಇರುವಂತೆ ಮೇಲ್ತುದಿಯನ್ನಷ್ಟೇ ಒಳಗೆ ಓರೆ ಮಾಡಿದೆ. ಸಂದಿಯಿಂದ ಬರುವ ಗಾಳಿ ಯಾರ ಕತ್ತಿಗೂ ತಾಗುವುದಿಲ್ಲ, ನಮ್ಮ ಮನೆಗಳಲ್ಲೆಲ್ಲ ಹಾಗೇ ಇಡುವುದು. ಅವಳ ಮಾತು ನೆನಪಿತ್ತು. ಬೆಕ್ಕಿನವರ ಹುಚ್ಚು ಎಂದುಕೊಂಡು ಬೀಗ ಹಾಕಿ ಬಂದೆ.

ನಾಲ್ಕು ಗಂಟೆಗೆ ಹೋದಾಗ ಬೆಕ್ಕು ಆ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಬಾಲ್ಕನಿ ಮುಚ್ಚಿದ್ದರಿಂದ ಇರುವ ಒಂದೇ ದಾರಿಗೆ ಹಾರಿತ್ತು, ಸಂದಿ ಮೇಲೆ ಅಗಲ, ಕೆಳಗೆ ಕಿರಿದು, ಒದ್ದಾಡಿದಷ್ಟೂ ಕೆಳಗೆ ಜಾರಿತ್ತು. ಸೊಂಟದ ಹತ್ತಿರ ಗಾಜು ಕಚ್ಚಿತ್ತು. ಗೋಡೆಯ ತುಂಬ ಉಚ್ಚೆ, ಹೇಲು. ಅರಚಲೂ ತ್ರಾಣವಿಲ್ಲದೆ ಬಾಯಿ ತೆರೆಯಿತು. ಬಿಡಿಸಿ ಎದೆಗವಚಿಕೊಂಡು ಪಶುವೈದ್ಯರ ಬಳಿಗೆ ಓಡಿದೆ.

ನನ್ನ ಫೋನು ಸಿಕ್ಕಿ ವಿದೊಸಾವಾ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಸ್ಸಿಳಿದು ನೇರ ಅಲ್ಲಿಗೇ ಬಂದಳು.

"ಓರೆ ಮಾಡ್ಬೇಡ ಅಂದಿದ್ನಲ್ಲ?"

"ಗಾಳಿ ಎದುರುಬದುರು ಹೊಡೀತಿತ್ತು..." ಎಂದೆ. ಆ ಮಾತು ನನ್ನ ಬಾಯಿಂದಲೇ ಕೇಳಿ ವಾಕರಿಕೆ ಬಂತು. ಬೆಕ್ಕಿನ ಮೇಲೆ ನನಗೆಂದೂ ಅಷ್ಟು ಹೇಸಿಗೆ ಹುಟ್ಟಿರಲಿಲ್ಲ.

ಹಿಂಗಾಲು ಎರಡೂ ಹೋಗಿವೆ ಎಂದರು ವೈದ್ಯರು. "ಒಂದು ಚುಚ್ಚುಮದ್ದು ಕೊಟ್ಟು ಶಾಶ್ವತವಾಗಿ ಮಲಗಿಸ್ಬೋದು. ಇಲ್ಲಾಂದ್ರೆ, ಇನ್ನು ತಾನಾಗಿ ಉಚ್ಚೆ ಹೋಗಲ್ಲ, ದಿನಕ್ಕೆ ಮೂರು ಸಲ ಹೊಟ್ಟೆ ಒತ್ತಿ ತೆಗೀಬೇಕು. ನೀವು ಕಣ್ಣು ಮಾಡಿಸ್ಕೊಂಡು ಬಂದಿದೀರಿ, ತಿಂಗಳ ತನಕ ಬಗ್ಗೋ ಹಾಗಿಲ್ಲ. ಯಾರು ಮಾಡ್ತಾರೆ?"

ಅವಳು ಊದಿದ ಬೆರಳಿನಲ್ಲಿ ಬೆಕ್ಕಿನ ತಲೆ ಸವರುತ್ತಿದ್ದಳು.

"ನಾನು" ಎಂದೆ.

ಮರುದಿನ ಬೆಳಗ್ಗೆ ಅವಳ ಬಾಲ್ಕನಿಯಲ್ಲಿ, ಬಲೆಯೊಳಗೆ, ಬೆಕ್ಕನ್ನು ಎತ್ತಿ ಹಿಡಿದು ಕೂತೆ. ಒತ್ತಿದೆ. ಬಿಸಿ ಉಚ್ಚೆ ಬೆರಳ ಸಂದಿಯಿಂದ ಮೊಣಕೈವರೆಗೆ ಹರಿಯಿತು. ಉಸಿರು ಬಿಗಿಹಿಡಿದು ಮತ್ತೆ ಒತ್ತಿದೆ. ಅವಳು ಎದ್ದು ಮುಂಬಾಗಿಲನ್ನೂ ಹಾರು ಹೊಡೆದು ತೆರೆದಿಟ್ಟು ಬಂದು ಕುರ್ಚಿಯಲ್ಲಿ ಕೂತಳು. ಮೆಟ್ಟಿಲ ಕಡೆಯಿಂದ ಗಾಳಿ ಸುಯ್ಯೆಂದು ಬಂತು.

"ಕತ್ತಿಗೆ ತಾಗ್ತಿದೆಯಾ, ಕುಜ್ಮಾನ್?"

"ತಾಗ್ತಿದೆ."

"ತಾಗ್ಲಿ" ಎಂದಳು.